ಓಪನ್ ಸೋರ್ಸ್ ಮಾಡುವವರಿಗೆ ದುಡ್ಡು ಯಾರು ಕೊಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೆಲಸ ಮಾಡುವುದು ಬೆಂಗಳೂರಿನಲ್ಲಿ. ಸಂಜೆ ಹೊತ್ತು, ಶನಿವಾರ, ಭಾನುವಾರ ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿ ನೋಡಿಕೊಳ್ಳುತ್ತೇನೆ. ಅಂದರೆ ಎಲ್ಲರಿಗೂ ತೆರೆದಿಟ್ಟ, ಯಾರು ಬೇಕಾದರೂ ತಮ್ಮ ಸಾಫ್ಟ್‌ವೇರ್‌ನಲ್ಲಿ ಸೇರಿಸಿಕೊಳ್ಳಬಹುದಾದ ಕೋಡಿನ ಕಟ್ಟು. ಆಫೀಸಿನಲ್ಲಿ, ಮೀಟಪ್‌ಗಳಲ್ಲಿ, ಒಮ್ಮೊಮ್ಮೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಬಿಟ್ಟಿ ಸಿಗುವುದಕ್ಕೆ ದುಡ್ಡು ಯಾಕೆ ಕೊಡಬೇಕು?

"ಪ್ರಶ್ನೆ" ಅನ್ನುವ ಪದವನ್ನೇ ನೋಡಿ. ಪ-ಗೆ ರ ಒತ್ತು, ಶ-ಗೆ ನ ಒತ್ತು, ಮೇಲೆ ಒಂದು ಎತ್ವ. ಇವೆಲ್ಲ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕೂರಬೇಕಾದರೆ ಯಾವುದೋ ಪ್ರೋಗ್ರಾಂ ಲೆಕ್ಕ ಹಾಕಬೇಕು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಆ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ಲೈಬ್ರರಿ. ಕನ್ನಡ ಓದುವ ಬಹುಪಾಲು ಜನ ಅದರ ಹೆಸರೇ ಕೇಳಿಲ್ಲ. ಆದರೆ ದಿನಾ ಅದನ್ನು ಬಳಸುತ್ತಾರೆ.

ನಾವು ಬಿಟ್ಟಿ ಪಡೆಯುವುದು ಕೋಡ್ ಮಾತ್ರ. ಅದನ್ನು ಬರೆದವರ ಸಮಯ ಬಿಟ್ಟಿಯಾಗಿ ಬಂದಿದ್ದಲ್ಲ. ಬರೆದು ಮುಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ಹೊಸ ಫೋನ್ ಬರುತ್ತದೆ, ಹಳೇ ಬಗ್ ಎದ್ದು ಬರುತ್ತದೆ, ಭದ್ರತೆಯ ತೂತು ಸಿಗುತ್ತದೆ. ಯಾರಾದರೂ ಕೂತು ನೋಡಲೇಬೇಕು.

ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನವರೂ ಸೇರಿ ಬರೆದ ಒಂದು ಅಧ್ಯಯನ 2024ರಲ್ಲಿ ಬಂತು. ಹೆಚ್ಚು ಬಳಕೆಯಲ್ಲಿರುವ ಓಪನ್ ಸೋರ್ಸನ್ನೆಲ್ಲ ಒಂದು ಸಲ ಹೊಸದಾಗಿ ಬರೆಸಲು ಸುಮಾರು 415 ಕೋಟಿ ಡಾಲರ್ ಬೇಕು ಎಂದು ಅದರ ಅಂದಾಜು. ಬಳಸುವ ಪ್ರತಿ ಕಂಪನಿಯೂ ತಾನೇ ಬರೆದುಕೊಳ್ಳಬೇಕಾಗಿದ್ದರೆ 8.8 ಲಕ್ಷ ಕೋಟಿ ಡಾಲರ್. ಆ ಬೆಲೆಯಲ್ಲಿ ಶೇಕಡಾ 90ಕ್ಕೂ ಜಾಸ್ತಿ ಪಾಲು ಹುಟ್ಟಿದ್ದು ಬರೀ ಶೇಕಡಾ 5ರಷ್ಟು ಡೆವಲಪರ್‌ಗಳಿಂದ. ಅಷ್ಟು ಕಡಿಮೆ ಹೆಗಲುಗಳ ಮೇಲೆ ಅಷ್ಟು ಭಾರ.

ಹಾಗಾದರೆ ಎಲ್ಲರೂ ಬಿಟ್ಟಿ ದುಡಿಯುವವರಾ?

ಅಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಕೋಡ್ ಬರೆಯುವವರಲ್ಲಿ ಹೆಚ್ಚಿನವರಿಗೆ ಯಾವುದೋ ಕಂಪನಿ ಸಂಬಳ ಕೊಡುತ್ತದೆ. ಇಂಟರ್ನೆಟ್‌ನಲ್ಲಿ ಡೇಟಾ ಸಾಗಿಸುವ ಕರ್ಲ್ ಎಂಬ ಸಾಧನವನ್ನು ಶುರು ಮಾಡಿದ ಡೇನಿಯಲ್ ಸ್ಟೆನ್‌ಬರ್ಗ್ 2019ರಿಂದ ಅದನ್ನೇ ಪೂರ್ತಿ ಕೆಲಸವಾಗಿ ಮಾಡುತ್ತಿದ್ದಾರೆ. ಕಷ್ಟ ಇರುವುದು ನಡುವೆ ಅವಿತಿರುವ ಸಣ್ಣ ಸಣ್ಣ ಲೈಬ್ರರಿಗಳಲ್ಲಿ. ಟೈಡ್‌ಲಿಫ್ಟ್ ಸಂಸ್ಥೆ 2024ರಲ್ಲಿ ಇಂಥ ಯೋಜನೆಗಳನ್ನು ನೋಡಿಕೊಳ್ಳುವ ಮೇಂಟೇನರ್‌ಗಳನ್ನೇ ಕೇಳಿದಾಗ ಶೇಕಡಾ 60 ಮಂದಿ ತಮಗೆ ಒಂದು ರೂಪಾಯಿಯೂ ಬರುವುದಿಲ್ಲ ಎಂದಿದ್ದರು.

ದುಡ್ಡು ಇಲ್ಲದಿದ್ದರೆ ನಿಜವಾಗಿ ಏನಾಗುತ್ತದೆ? ಇಷ್ಟು ವರ್ಷ ನಡೆದುಕೊಂಡು ಬಂದಿದೆಯಲ್ಲ?

ಎರಡು ಘಟನೆ ಹೇಳುತ್ತೇನೆ.

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಹೊರಗೆ ಬಂತು. ಬ್ಯಾಂಕು, ಇಮೇಲ್, ಅಂಗಡಿ, ಹೀಗೆ ಬಹಳಷ್ಟು ವೆಬ್‌ಸೈಟ್‌ಗಳ ಬೀಗದ ಹಾಗಿದ್ದ ಓಪನ್ಎಸ್ಎಸ್ಎಲ್‌ನಲ್ಲಿ ತೂತು. ಸರ್ವರ್‌ನ ಮೆಮೊರಿಯಲ್ಲಿದ್ದ ಪಾಸ್‌ವರ್ಡ್, ಕೀಲಿಗಳನ್ನು ಹೊರಗಿನವರು ಓದಬಹುದಿತ್ತು. ಎರಡು ವರ್ಷದಿಂದ ಆ ತೂತು ಅಲ್ಲೇ ಇತ್ತು. ಆಮೇಲೆ ಗೊತ್ತಾಗಿದ್ದು, ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ತಿ ಸಮಯ ಕೊಡುತ್ತಿದ್ದವರು ಒಬ್ಬರೇ. ಸುದ್ದಿಯಾದ ಮೇಲೆ ಲಿನಕ್ಸ್ ಫೌಂಡೇಶನ್ ಮತ್ತು ದೊಡ್ಡ ಕಂಪನಿಗಳು ಸೇರಿ ನಿಧಿ ಮಾಡಿದವು.

ಎರಡನೆಯದು ನನ್ನನ್ನು ಇನ್ನೂ ಜಾಸ್ತಿ ಕಾಡುತ್ತದೆ. ಎಕ್ಸ್‌ಝಡ್ ಅನ್ನುವುದು ಫೈಲ್ ಕುಗ್ಗಿಸುವ ಒಂದು ಸಾಧನ. ಅದನ್ನು ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದು ಒಬ್ಬ ಮನುಷ್ಯ. ಇದು ಸಂಬಳವಿಲ್ಲದ ಹವ್ಯಾಸ, ನನ್ನ ಮನಸ್ಸಿನ ಆರೋಗ್ಯವೂ ಚೆನ್ನಾಗಿಲ್ಲ ಎಂದು ಅವರು 2022ರಲ್ಲಿ ಎಲ್ಲರೆದುರೇ ಬರೆದುಕೊಂಡಿದ್ದರು. ಅದೇ ಹೊತ್ತಿಗೆ ಕೆಲವು ಹೆಸರುಗಳು ಬಂದು, ಕೆಲಸ ನಿಧಾನವಾಯಿತು, ಬೇರೆಯವರಿಗೆ ಬಿಟ್ಟುಕೊಡಿ ಎಂದು ಒತ್ತಾಯ ಮಾಡಿದವು. "ಜಿಯಾ ಟ್ಯಾನ್" ಎಂಬ ಹೆಸರಿನ ಒಬ್ಬರು ತಾಳ್ಮೆಯಿಂದ ಸಹಾಯ ಮಾಡುತ್ತಾ ಬಂದರು, ನಂಬಿಕೆ ಗಳಿಸಿದರು, ಯೋಜನೆಯ ಚುಕ್ಕಾಣಿ ಹಿಡಿದರು. ಕೊನೆಗೆ ಅದರೊಳಗೆ, ಬೇರೆಯವರ ಕಂಪ್ಯೂಟರ್‌ಗೆ ಗುಟ್ಟಾಗಿ ನುಗ್ಗುವ ಹಿಂಬಾಗಿಲು ಇಟ್ಟರು. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಹೋಗಿ ಅದನ್ನು ಹಿಡಿದರು. ಅದು ಇನ್ನೂ ಎಲ್ಲ ಕಡೆ ಹರಡಿರಲಿಲ್ಲ.

ದಣಿದ ಒಬ್ಬ ಮನುಷ್ಯನಿಗೆ ಆಗ ಬೇಕಿದ್ದದ್ದು ಇನ್ನೊಬ್ಬ ಸಂಬಳದ ಜೊತೆಗಾರ. ಸಹಾಯಕ್ಕೆ ಬಂದದ್ದು ಕಳ್ಳ.

ಇಷ್ಟೊಂದು ಕಂಪನಿಗಳು ಬಳಸುತ್ತವೆ. ಅವು ಯಾಕೆ ಕೊಡುವುದಿಲ್ಲ?

ದುರಾಸೆ ಒಂದು ಕಾರಣ ಇರಬಹುದು. ಆದರೆ ನಾನು ಹತ್ತಿರದಿಂದ ನೋಡಿದ ಮಟ್ಟಿಗೆ, ಕಂಪನಿಯ ಒಳಗೆ ಇದಕ್ಕೆ ಒಂದು ಕಾಲಂ ಇಲ್ಲದಿರುವುದು ಅದಕ್ಕಿಂತ ದೊಡ್ಡ ಕಾರಣ. ಸಾಫ್ಟ್‌ವೇರ್ ಕೊಳ್ಳುವುದಕ್ಕೆ ಬಜೆಟ್ ಇದೆ. ದಾನ ಮಾಡುವುದಕ್ಕೆ ಸಿಎಸ್‌ಆರ್ ಇದೆ. "ಈಗಾಗಲೇ ಬಿಟ್ಟಿ ಸಿಕ್ಕಿರುವುದಕ್ಕೆ ದುಡ್ಡು" ಅನ್ನುವುದು ಎರಡರಲ್ಲೂ ಕೂರುವುದಿಲ್ಲ. ಎಂಜಿನಿಯರ್‌ಗೆ ಮನಸ್ಸಿದೆ, ಸಹಿ ಹಾಕುವ ಅಧಿಕಾರ ಇಲ್ಲ. ಸಹಿ ಹಾಕುವವರಿಗೆ ಆ ಲೈಬ್ರರಿಯ ಹೆಸರೇ ಗೊತ್ತಿಲ್ಲ.

ನನಗೇ ಆದದ್ದು ಇದು. ಒಂದು ಕಂಪನಿಯವರು ನನ್ನ ಲೈಬ್ರರಿಗೆ ಸ್ವಲ್ಪ ಹಣ ಕೊಡಲು ಒಪ್ಪಿದರು. ಖುಷಿಯಾಯಿತು. ಆಮೇಲೆ ವೆಂಡರ್ ರಿಜಿಸ್ಟ್ರೇಷನ್ ಫಾರ್ಮ್ ಬಂತು. ಜಿಎಸ್‌ಟಿ ನಂಬರ್, ಮೂರು ವರ್ಷದ ಆಡಿಟ್ ವರದಿ, ಕಂಪನಿಯ ಮೊಹರು. ನಾನು ಕಂಪನಿಯೇ ಅಲ್ಲ. ಮಾತು ಅಲ್ಲಿಗೇ ನಿಂತಿತು. ಅವರಲ್ಲಿ ಯಾರೂ ಕೆಟ್ಟವರಲ್ಲ.

ದೊಡ್ಡ ಮಟ್ಟದಲ್ಲೂ ಇದೇ ಕಥೆ. 2024ರ ಏಪ್ರಿಲ್‌ನಲ್ಲಿ ಎಫ್ಎಫ್‌ಎಂಪೆಗ್ ಎಂಬ ವಿಡಿಯೋ, ಆಡಿಯೋ ಸಾಫ್ಟ್‌ವೇರ್‌ನ ತಂಡ ಬಹಿರಂಗವಾಗಿ ಒಂದು ವಿಷಯ ಹೇಳಿತು. ದೊಡ್ಡ ಕಂಪನಿಯೊಂದು ತನ್ನ ಉತ್ಪನ್ನದ ಬಗ್ ತುರ್ತಾಗಿ ನೋಡಿ ಎಂದು ಕೇಳಿತ್ತು. ತಂಡ ವರ್ಷವರ್ಷದ ಸಪೋರ್ಟ್ ಒಪ್ಪಂದ ಕೇಳಿದರೆ, ಕಂಪನಿ ಮುಂದಿಟ್ಟಿದ್ದು ಒಂದೇ ಸಲದ ಕೆಲವು ಸಾವಿರ ಡಾಲರ್.

ದೇಣಿಗೆ ಬಟನ್ ಇಟ್ಟರೆ ಸಾಲದಾ?

ಬಟನ್ ಇಡಿ, ಖಂಡಿತ ಇಡಿ. ಡೆವಲಪರ್‌ಗಳು ಕೋಡ್ ಇಡುವ ತಾಣದ ದೇಣಿಗೆ ವ್ಯವಸ್ಥೆ ಗಿಟ್‌ಹಬ್ ಸ್ಪಾನ್ಸರ್ಸ್ 2019ರಲ್ಲಿ ಬಂದ ಮೇಲೆ ಅದು ಸುಲಭವೂ ಆಗಿದೆ. ಆದರೆ ಕಣ್ಣಿಗೆ ಕಾಣುವವರಿಗೆ ಮಾತ್ರ ಅದರಿಂದ ದುಡ್ಡು ಬರುತ್ತದೆ. ಹೆಸರಾದ ಫ್ರೇಮ್‌ವರ್ಕ್‌ಗೆ ಬರುತ್ತದೆ. ಅದರ ಹೊಟ್ಟೆಯೊಳಗೆ ಐದು ಪದರ ಕೆಳಗಿರುವ ಲೈಬ್ರರಿಗೆ ಬರುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಲೈಬ್ರರಿಯಲ್ಲಿ ತೂತು ಸಿಕ್ಕಿ ಜಗತ್ತಿನ ಎಂಜಿನಿಯರ್‌ಗಳೆಲ್ಲ ನಿದ್ದೆಗೆಟ್ಟರು. ಅದನ್ನು ರಿಪೇರಿ ಮಾಡಿದ ಮುಖ್ಯ ಮೇಂಟೇನರ್‌ಗಳಲ್ಲಿ ಒಬ್ಬರಿಗೆ ಅಲ್ಲಿಯ ತನಕ ಇದ್ದದ್ದು ಮೂರೇ ಮೂರು ಸ್ಪಾನ್ಸರ್‌ಗಳು.

ಇನ್ನೊಂದು ತೊಂದರೆ, ದೇಣಿಗೆ ಮಳೆಯ ಹಾಗೆ. ಬಂದರೆ ಒಂದೇ ಸಲ ಸುರಿಯುತ್ತದೆ. ಇಮೇಲ್ ಗುಟ್ಟು ಕಾಪಾಡುವ ಜಿಎನ್‌ಯುಪಿಜಿಯನ್ನು 1997ರಿಂದ ನಡೆಸಿಕೊಂಡು ಬಂದ ವರ್ನರ್ ಕಾಖ್ ಹಣವಿಲ್ಲದೆ ಸೋತು ಹೋಗಿದ್ದಾರೆ ಎಂದು 2015ರ ಫೆಬ್ರವರಿಯಲ್ಲಿ ಸುದ್ದಿಯಾಯಿತು. ತಕ್ಷಣ ಜನ ಕೊಟ್ಟರು. ಫೇಸ್‌ಬುಕ್, ಸ್ಟ್ರೈಪ್ ವರ್ಷಕ್ಕೆ 50,000 ಡಾಲರ್‌ನಂತೆ ಕೊಡುತ್ತೇವೆ ಎಂದವು. ಒಳ್ಳೆಯದೇ ಆಯಿತು. ಆದರೆ ಸುದ್ದಿಯಾಗದ ವರ್ನರ್‌ಗಳು ಎಷ್ಟು ಜನ?

ಹಳೇ ಮೈಸೂರು ಕಡೆ ಊರ ಕೆರೆಗೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಕಾಲುವೆ ನೋಡುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ಬಿಡುವುದು ಅವನ ಕೆಲಸ. ಸುಗ್ಗಿ ಬಂದಾಗ ನೀರು ಉಂಡ ಪ್ರತಿ ಕಣದಿಂದಲೂ ಅವನಿಗೆ ಆಯ ಹೋಗುತ್ತಿತ್ತು. ಕೆರೆ ಒಡೆದ ವರ್ಷ ಮಾತ್ರ ಕೊಡೋಣ ಎಂದು ಯಾರೂ ಅನ್ನುತ್ತಿರಲಿಲ್ಲ. ಆ ಪದ್ಧತಿ ಕೆಲಸವನ್ನು ಜಾತಿಗೆ ಕಟ್ಟಿಹಾಕಿತ್ತು, ಅದು ಮತ್ತೆ ಬರುವುದು ಬೇಡ. ಆದರೆ ನೀರು ಬಳಸಿದವರೆಲ್ಲ ಬೆಳೆಯಲ್ಲಿ ಪಾಲು ಕೊಡುವ ಲೆಕ್ಕ ಸರಿಯಾಗಿತ್ತು. ಓಪನ್ ಸೋರ್ಸ್‌ಗೆ ಬೇಕಿರುವುದು ಅಂಥ ಆಯ. ಸುದ್ದಿ ಇರಲಿ ಇಲ್ಲದಿರಲಿ, ತಿಂಗಳು ತಿಂಗಳು ಬರುವಂಥದ್ದು.

ಸರಿ, ದುಡ್ಡು ಬಂತು ಅಂತಿಟ್ಟುಕೊಳ್ಳಿ. ನ್ಯಾಯವಾಗಿ ಹಂಚುವುದು ಹೇಗೆ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದೇ.

ಡೌನ್‌ಲೋಡ್ ಲೆಕ್ಕದಲ್ಲಿ ಕೊಡೋಣ ಅಂದರೆ? 2016ರಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕ ಜಾವಾಸ್ಕ್ರಿಪ್ಟ್ ಕೋಡಿನ ಭಂಡಾರವಾದ ಎನ್‌ಪಿಎಂನಿಂದ ತೆಗೆದುಹಾಕಿದಾಗ ಸಾವಿರಾರು ಪ್ರಾಜೆಕ್ಟ್‌ಗಳು ಒಡೆದವು. ಅದರ ಡೌನ್‌ಲೋಡ್ ಸಂಖ್ಯೆ ದೊಡ್ಡದು, ಹಿಂದಿನ ಶ್ರಮ ಸಣ್ಣದು. ಅದೇ ಹೊತ್ತಿಗೆ ವರ್ಷಕ್ಕೆ ನೂರಾರು ಗಂಟೆ ಬೇಡುವ, ಕೆಲವೇ ಆಸ್ಪತ್ರೆಗಳೋ ವಿಜ್ಞಾನಿಗಳೋ ಬಳಸುವ ಸಾಫ್ಟ್‌ವೇರ್‌ಗೆ ಡೌನ್‌ಲೋಡ್ ಕಡಿಮೆ.

ಕೋಡ್ ಸಾಲು ಎಣಿಸೋಣ ಅಂದರೆ, ಒಳ್ಳೆಯ ಮೇಂಟೇನರ್ ಎಷ್ಟೋ ದಿನ ಸಾಲುಗಳನ್ನು ಅಳಿಸುತ್ತಾರೆ. ಎಷ್ಟೋ ದಿನ ಕೋಡನ್ನೇ ಮುಟ್ಟುವುದಿಲ್ಲ. ಬೇರೆಯವರು ಕಳಿಸಿದ ಕೋಡ್ ಬದಲಾವಣೆಗಳನ್ನು (ಪುಲ್ ರಿಕ್ವೆಸ್ಟ್) ಓದುತ್ತಾರೆ, ಒಂದೇ ಬಗ್ ಬಗ್ಗೆ ಹತ್ತು ಜನ ಬರೆದದ್ದನ್ನು ಒಂದುಗೂಡಿಸುತ್ತಾರೆ, ಸಿಟ್ಟಿನಲ್ಲಿರುವವರಿಗೆ ಸಮಾಧಾನ ಹೇಳುತ್ತಾರೆ, "ಈ ಫೀಚರ್ ಬೇಡ" ಎನ್ನುತ್ತಾರೆ. ಡಾಕ್ಯುಮೆಂಟೇಷನ್ ಬರೆಯುವವರು, ಅನುವಾದ ಮಾಡುವವರು ಯಾವ ಎಣಿಕೆಗೂ ಸಿಗುವುದೇ ಇಲ್ಲ.

ಯಂತ್ರವೇ ಅಳೆದು ಹಂಚಲಿ ಎನ್ನುವವರೂ ಇದ್ದಾರೆ. ಟೀ ಎಂಬ ಯೋಜನೆ, ಪ್ಯಾಕೇಜ್‌ಗಳ ಮಹತ್ವ ಲೆಕ್ಕ ಹಾಕಿ ಕ್ರಿಪ್ಟೋ ಟೋಕನ್ ಕೊಡುತ್ತೇವೆ ಎಂದಿತು. 2024ರಲ್ಲಿ ಏನಾಯಿತು ಗೊತ್ತಾ? ಟೋಕನ್ ಆಸೆಗೆ ಜನ ಎನ್‌ಪಿಎಂ ತುಂಬಾ ಖಾಲಿ ಪ್ಯಾಕೇಜ್ ಸುರಿದರು. ನಿಜವಾದ ಯೋಜನೆಗಳಿಗೆ ಅರ್ಥವಿಲ್ಲದ ಪುಲ್ ರಿಕ್ವೆಸ್ಟ್ ಕಳಿಸಿದರು. ಅದನ್ನೆಲ್ಲ ಗುಡಿಸುವ ಕೆಲಸ ಬಿದ್ದಿದ್ದು ಅದೇ ಬಿಟ್ಟಿ ದುಡಿಯುವ ಮೇಂಟೇನರ್‌ಗಳ ಮೇಲೆ.

ನನ್ನ ಅಭಿಪ್ರಾಯ ಹೇಳುತ್ತೇನೆ. ಅಂಕಿ ಅಂಶ ಹುಡುಕಾಟಕ್ಕೆ ಬಳಸಿ, ಹಂಚುವುದಕ್ಕೆ ಬೇಡ. ಯಾವ ಯೋಜನೆ ನಿಂತರೆ ಏನೇನು ಬೀಳುತ್ತದೆ, ಅದನ್ನು ಎಷ್ಟು ಜನ ನೋಡಿಕೊಳ್ಳುತ್ತಿದ್ದಾರೆ, ಅವರು ಎಷ್ಟು ದಣಿದಿದ್ದಾರೆ ಎಂದು ಕೆಲಸ ಬಲ್ಲವರು ಕೂತು ಮಾತಾಡಿ ತೀರ್ಮಾನಿಸಲಿ. ಕಾರಣವನ್ನು ಎಲ್ಲರಿಗೂ ಕಾಣುವಂತೆ ಬರೆದಿಡಲಿ. ತಪ್ಪಾಗುತ್ತದೆ. ಆದರೆ ಆ ತಪ್ಪನ್ನು ಪ್ರಶ್ನೆ ಮಾಡಬಹುದು.

ತಂಡದಲ್ಲಿ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ ಜಗಳ ಆಗುವುದಿಲ್ವಾ?

ಆಗುತ್ತದೆ. ಲಿನಕ್ಸ್ ಮೇಲೆ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಡೆಬಿಯನ್‌ನಲ್ಲಿ ಆಗಿದೆ. 2006ರಲ್ಲಿ ಎಚ್ (Etch) ಎಂಬ ಹೊಸ ಆವೃತ್ತಿ ಹೇಳಿದ ಹೊತ್ತಿಗೆ ಬರಲಿ ಎಂದು, ಕೆಲವರು ಡಂಕ್-ಟ್ಯಾಂಕ್ ಹೆಸರಿನಲ್ಲಿ ಹಣ ಕೂಡಿಸಿ ಇಬ್ಬರು ರಿಲೀಸ್ ಮ್ಯಾನೇಜರ್‌ಗಳಿಗೆ ಕೊಟ್ಟರು. ಉದ್ದೇಶ ಒಳ್ಳೆಯದೇ. ಆದರೆ ವರ್ಷಗಟ್ಟಲೆ ಬಿಟ್ಟಿ ದುಡಿದ ಉಳಿದವರಿಗೆ ನೋವಾಯಿತು. ಅವರಿಗೆ ಯಾಕೆ, ನಮಗೆ ಯಾಕಿಲ್ಲ ಎಂಬ ಮಾತು ಬಂತು. ಕೆಲವರು ಕೈಕಟ್ಟಿ ಕೂತರು. ಯೋಜನೆಯ ನಾಯಕರನ್ನು ಇಳಿಸಬೇಕೆಂದು ಮತವೂ ನಡೆಯಿತು. ಡಿಸೆಂಬರ್‌ಗೆ ಬರಬೇಕಿದ್ದ ಆವೃತ್ತಿ ಬಂದದ್ದು 2007ರ ಏಪ್ರಿಲ್‌ನಲ್ಲಿ.

ಇದನ್ನು ನೋಡಿ ದುಡ್ಡೇ ಬೇಡ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ದಿನಕ್ಕೆ ಎಂದು ತಂಡವೆಲ್ಲ ಮೊದಲೇ ಮಾತಾಡಿಕೊಳ್ಳಬೇಕು. ಯಾರಿಗೂ ಇಷ್ಟವಿಲ್ಲದ ಕೆಲಸಕ್ಕೆ ಮೊದಲು ಕೊಡಬೇಕು. ರಿಲೀಸ್ ಕಟ್ಟುವುದು, ಟೆಸ್ಟ್ ಸರ್ವರ್ ನೋಡಿಕೊಳ್ಳುವುದು, ಹಳೇ ಇಶ್ಯೂಗಳನ್ನು ಜಾಲಾಡುವುದು. ಮಜಾ ಇರುವ ಹೊಸ ಫೀಚರ್‌ಗಳನ್ನು ಬರೆಯಲು ಜನ ಹೇಗೂ ಬರುತ್ತಾರೆ.

ಒಂದೇ ಕೆಲಸಕ್ಕೆ ದೇಶ ನೋಡಿ ಬೇರೆ ಬೇರೆ ಹಣ ಕೊಡುವುದು ಸರಿಯಾ?

ಹೊಸಬರಿಗೆ ಹಣ ಕೊಟ್ಟು ಓಪನ್ ಸೋರ್ಸ್ ಕೆಲಸ ಮಾಡಿಸುವ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಸೇರಿದ ನಮ್ಮ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಇದು. 2017ರಿಂದ ಅಲ್ಲಿ ದೇಶದ ಜೀವನ ವೆಚ್ಚ ನೋಡಿ ಹಣ ಕೊಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ 350 ಗಂಟೆಯ ಪ್ರಾಜೆಕ್ಟ್‌ಗೆ 3,000ದಿಂದ 6,600 ಡಾಲರ್ ತನಕ ಇದೆ. ಭಾರತಕ್ಕೆ ಸಿಗುವುದು ಕೆಳಗಿನ ತುದಿ. ಔಟ್‌ರೀಚಿಯಲ್ಲಿ (ಇದೂ ಅಂಥದ್ದೇ ಒಂದು ಇಂಟರ್ನ್‌ಶಿಪ್) ಎಲ್ಲಿದ್ದರೂ ಒಂದೇ, 7,000 ಡಾಲರ್.

ಜೀವನ ವೆಚ್ಚದ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಅದೇ ಹಣದಲ್ಲಿ ಇನ್ನಷ್ಟು ಜನರನ್ನು ಸೇರಿಸಿಕೊಳ್ಳಬಹುದು. ಆದರೆ ಲ್ಯಾಪ್‌ಟಾಪ್ ರಾಯಚೂರಿನಲ್ಲಿ ಅಗ್ಗ ಇಲ್ಲ. ಬರೆದ ಕೋಡ್ ಎಲ್ಲರ ಸರ್ವರ್‌ನಲ್ಲೂ ಓಡುತ್ತದೆ. ನನಗೆ ಔಟ್‌ರೀಚಿಯ ದಾರಿಯೇ ಸರಿ ಅನ್ನಿಸುತ್ತದೆ.

ಲೈಸೆನ್ಸ್ ಬದಲಿಸಿ ಕಂಪನಿಗಳಿಂದ ವಸೂಲಿ ಮಾಡಬಹುದಲ್ವಾ?

ಕೆಲವರು ಮಾಡಿ ನೋಡಿದ್ದಾರೆ. 2021ರಲ್ಲಿ ಇಲಾಸ್ಟಿಕ್, 2023ರಲ್ಲಿ ಹ್ಯಾಶಿಕಾರ್ಪ್, 2024ರಲ್ಲಿ ರೆಡಿಸ್ ಲೈಸೆನ್ಸ್ ಬಿಗಿ ಮಾಡಿದವು. ಪ್ರತಿ ಸಲವೂ ಹಳೇ ಕೋಡ್ ತೆಗೆದುಕೊಂಡು ಬೇರೆಯವರು ಕವಲು ಒಡೆದರು. ಓಪನ್‌ಸರ್ಚ್, ಓಪನ್‌ಟೋಫು, ವಾಲ್ಕೀ ಹುಟ್ಟಿದ್ದು ಹಾಗೆ. ಇಲಾಸ್ಟಿಕ್ ಮತ್ತು ರೆಡಿಸ್ ಆಮೇಲೆ ಮತ್ತೆ ಓಪನ್ ಸೋರ್ಸ್ ಲೈಸೆನ್ಸ್ ಸೇರಿಸಿದವು. ಒಂದು ಮಾತು ನೆನಪಿಡಿ: ಇವೆಲ್ಲ ಹೂಡಿಕೆದಾರರಿದ್ದ ಕಂಪನಿಗಳು. ಒಬ್ಬರೇ ನಡೆಸುವ ಲೈಬ್ರರಿಗೆ ವಕೀಲರೂ ಇಲ್ಲ, ವಸೂಲಿ ಮಾಡುವವರೂ ಇಲ್ಲ.

ಸರ್ಕಾರ ಕೊಡಬೇಕಲ್ಲವೇ?

ಜರ್ಮನಿ ಕೊಡುತ್ತಿದೆ. 2022ರಲ್ಲಿ ಶುರುವಾದ ಅವರ ಸಾವರಿನ್ ಟೆಕ್ ಫಂಡ್, ರಸ್ತೆ, ಸೇತುವೆಯ ಹಾಗೆ ಸಾಫ್ಟ್‌ವೇರ್‌ನ ಅಡಿಪಾಯಕ್ಕೂ ಸರ್ಕಾರದ ಹಣ ಬೇಕು ಎಂಬ ಲೆಕ್ಕದಲ್ಲಿ ನಡೆಯುತ್ತದೆ. ಗ್ನೋಮ್‌ಗೆ (ಲಿನಕ್ಸ್ ಕಂಪ್ಯೂಟರ್‌ಗಳ ಡೆಸ್ಕ್‌ಟಾಪ್ ಪರದೆ ಕಟ್ಟುವ ಯೋಜನೆ) 10 ಲಕ್ಷ ಯೂರೋ ಕೊಟ್ಟಿದೆ. ನನಗೆ ಹಿಡಿಸುವುದು, ಅದು ಹೊಸ ಥಳಕಿಗಿಂತ ಹಳೆಯದರ ರಿಪೇರಿಗೆ ಹಣ ಕೊಡುತ್ತದೆ ಅನ್ನುವುದು.

ನಮ್ಮಲ್ಲಿ ಸರ್ಕಾರಿ ಕಚೇರಿಗಳು ಓಪನ್ ಸೋರ್ಸ್ ಬಳಸಬೇಕು ಎಂಬ ಕೇಂದ್ರದ ನೀತಿ 2015ರಿಂದ ಇದೆ. ಬಳಸುವುದಕ್ಕೆ ನೀತಿ ಇದ್ದರೆ, ನೋಡಿಕೊಳ್ಳುವವರಿಗೆ ಕೊಡುವುದಕ್ಕೂ ಒಂದು ನೀತಿ ಬೇಕು.

ಬೆಂಗಳೂರಿನಲ್ಲಿ ಯಾರಾದರೂ ಕೊಡುತ್ತಿದ್ದಾರಾ?

ಹೌದು. ಷೇರು ವಹಿವಾಟಿನ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಶುರು ಮಾಡಿತು. ವರ್ಷಕ್ಕೆ 10 ಲಕ್ಷ ಡಾಲರ್, ಜಗತ್ತಿನ ಯಾವ ಯೋಜನೆಯಾದರೂ ಕೇಳಬಹುದು, ಒಂದಕ್ಕೆ 10,000ದಿಂದ 1 ಲಕ್ಷ ಡಾಲರ್ ತನಕ. ಯೋಜನೆಯವರು ತಮಗೆ ಎಷ್ಟು ಬೇಕು, ಹೇಗೆ ಬೇಕು ಎಂದು ಒಂದು ಫೈಲ್‌ನಲ್ಲಿ ಬರೆದು ತಮ್ಮ ಜಾಗದಲ್ಲೇ ಇಟ್ಟರೆ ಸಾಕು. ಬೇರೆ ದಾನಿಗಳೂ ಅದನ್ನು ಓದಬಹುದು. ಫಾಸ್ ಯುನೈಟೆಡ್ ಎಂಬ ಸಂಸ್ಥೆ ಕೂಡ ಭಾರತದ ಯೋಜನೆಗಳಿಗೆ ಅನುದಾನ ಕೊಡುತ್ತದೆ.

ಕೊಡುವ ಮನಸ್ಸಿದ್ದರೂ ಕಳಿಸುವುದು ಸುಲಭ ಇಲ್ಲ. ಭಾರತದಿಂದ ಹೊರದೇಶಕ್ಕೆ ಹಣ ಹೋಗಬೇಕಾದರೆ ಆದಾಯ ತೆರಿಗೆಯ ಫಾರ್ಮ್‌ಗಳು, ತೆರಿಗೆ ಕಡಿತದ ಲೆಕ್ಕ, ಪಡೆಯುವವರ ದೇಶದ ತೆರಿಗೆ ಪ್ರಮಾಣಪತ್ರ ಎಲ್ಲ ಬೇಕಾಗಬಹುದು. ಯಾವುದೋ ಊರಿನಲ್ಲಿ ಒಬ್ಬರೇ ಕೂತು ಕೋಡ್ ಬರೆಯುವವರಿಗೆ ಈ ಕಾಗದಪತ್ರವೇ ದೊಡ್ಡ ಗೋಡೆ.

ಇಲ್ಲಿ ಕೂತು ಹೊರಗಿನ ಸ್ಪಾನ್ಸರ್ ಹಣ ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಬಹುದು. ಹಣ ಯಾತಕ್ಕೆ ಬಂತು ಎಂದು ತಿಳಿಸುವ ಪರ್ಪಸ್ ಕೋಡನ್ನು ಬ್ಯಾಂಕ್ ಕೇಳುತ್ತದೆ, ರಸೀದಿಗಳನ್ನು ಜೋಪಾನ ಮಾಡಿ. ಬಂದ ಹಣಕ್ಕೆ ತೆರಿಗೆ ಇದೆ. "ಗಿಫ್ಟ್ ತಾನೇ" ಎಂದು ಬಿಡಬೇಡಿ. ಬಂಧುಗಳಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಗಿಫ್ಟ್‌ಗೂ ತೆರಿಗೆ ಬೀಳುತ್ತದೆ. ಟ್ರಸ್ಟ್ ಅಥವಾ ಸಂಘ ಮಾಡಿಕೊಂಡು ಹೊರದೇಶದ ದೇಣಿಗೆ ಪಡೆಯುವುದಾದರೆ ವಿದೇಶಿ ದೇಣಿಗೆ ಕಾಯ್ದೆಯಾದ ಎಫ್‌ಸಿಆರ್‌ಎ ನೋಂದಣಿ ಬೇಕು. ಮೊದಲ ಹಣ ಬರುವ ಮುಂಚೆಯೇ ಒಬ್ಬ ಸಿಎ ಹತ್ತಿರ ಕೂತು ಮಾತಾಡಿ.

ಕನ್ನಡದ ಸಾಫ್ಟ್‌ವೇರ್‌ಗೆ ಯಾರು ಕೊಡುತ್ತಾರೆ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಫಾಂಟ್, ಕೀಬೋರ್ಡ್, ಕಾಗುಣಿತ ತಿದ್ದುವ ಪದಪಟ್ಟಿ, ಮೆನುಗಳ ಅನುವಾದ, ಇವುಗಳಲ್ಲಿ ಹೆಚ್ಚಿನವನ್ನು ಬೆರಳೆಣಿಕೆಯ ಜನ ಬಿಡುವಿನ ಹೊತ್ತಲ್ಲಿ ಮಾಡಿದ್ದಾರೆ. ಡೌನ್‌ಲೋಡ್ ಎಣಿಸಿದರೆ ಇವು ಯಾವ ಪಟ್ಟಿಗೂ ಬರುವುದಿಲ್ಲ. ಇವು ಒಡೆದರೆ ಯಾವ ದೊಡ್ಡ ಕಂಪನಿಯ ಸರ್ವರೂ ನಿಲ್ಲುವುದಿಲ್ಲ. ಹಾಗಾಗಿ ಜಾಗತಿಕ ನಿಧಿಗಳ ಕಣ್ಣಿಗೆ ಬೀಳುವುದು ಕಷ್ಟ. ಇದಕ್ಕೆ ಕೊಡಬೇಕಾದವರು ಕನ್ನಡಿಗರೇ: ಕನ್ನಡದಲ್ಲಿ ಪುಸ್ತಕ, ಪತ್ರಿಕೆ, ಆ್ಯಪ್ ನಡೆಸಿ ಸಂಪಾದಿಸುವವರು, ಹೊರದೇಶದ ಕನ್ನಡ ಕೂಟಗಳು, ವಿಶ್ವವಿದ್ಯಾಲಯಗಳು. ರಾಜ್ಯೋತ್ಸವದ ಒಂದು ಕಾರ್ಯಕ್ರಮದ ಖರ್ಚಿನಲ್ಲಿ ಒಂದು ಫಾಂಟ್‌ನ ಒತ್ತಕ್ಷರಗಳನ್ನೆಲ್ಲ ಸರಿಮಾಡಿಸಬಹುದು.

ನಾನು ಸಾಮಾನ್ಯ ಉದ್ಯೋಗಿ. ನನ್ನಿಂದ ಏನಾಗುತ್ತದೆ?

ತಿಂಗಳಿಗೆ ನೂರು ರೂಪಾಯಿ ಕೊಡಿ, ಸಂತೋಷ. ಆದರೆ ನಿಮ್ಮ ಕಂಪನಿಯಿಂದ ಕೊಡಿಸಿದರೆ ಅದು ಜಾಸ್ತಿ ದಿನ ಬಾಳುತ್ತದೆ. ನಿಮ್ಮ ಪ್ರಾಜೆಕ್ಟ್ ಯಾವ ಯಾವ ಲೈಬ್ರರಿ ಮೇಲೆ ನಿಂತಿದೆ ಎಂದು ಪಟ್ಟಿ ಮಾಡಿ. ಎನ್‌ಪಿಎಂ ಬಳಸುವವರಾದರೆ ಎನ್‌ಪಿಎಂ ಫಂಡ್ ಎಂದು ಟೈಪ್ ಮಾಡಿದರೆ ಹಣ ಕೇಳುತ್ತಿರುವವರು ಯಾರು ಎಂದು ತೋರಿಸುತ್ತದೆ. ಆ ಪಟ್ಟಿಯಲ್ಲಿ ಒಬ್ಬರೇ ನೋಡಿಕೊಳ್ಳುವಂಥ ಎರಡೋ ಮೂರೋ ಆರಿಸಿ. ಮ್ಯಾನೇಜರ್ ಹತ್ತಿರ ದಾನದ ಮಾತು ತೆಗೆಯಬೇಡಿ. "ಇದು ನಿಂತರೆ ನಮ್ಮ ಬಿಲ್ಲಿಂಗ್ ನಿಲ್ಲುತ್ತದೆ, ಇದಕ್ಕೆ ವರ್ಷಕ್ಕೆ ಇಷ್ಟು ಸಪೋರ್ಟ್ ಖರ್ಚು" ಎಂದು ಹೇಳಿ. ಓಪನ್ ಸೋರ್ಸ್ ಪ್ಲೆಡ್ಜ್ ಎಂಬ ಒಡಂಬಡಿಕೆಗೆ ಸೇರಿದ ಕಂಪನಿಗಳು ತಮ್ಮಲ್ಲಿರುವ ಪ್ರತಿ ಡೆವಲಪರ್‌ಗೆ ವರ್ಷಕ್ಕೆ ಕನಿಷ್ಠ 2,000 ಡಾಲರ್ ಲೆಕ್ಕದಲ್ಲಿ ಕೊಡುತ್ತವೆ. ನಿಮ್ಮ ಕಂಪನಿ ಅದರ ಹತ್ತನೇ ಒಂದು ಪಾಲಿನಿಂದ ಶುರು ಮಾಡಿದರೂ ಸರಿ. ವೆಂಡರ್ ಫಾರ್ಮ್‌ನ ತಲೆನೋವು ಬಂದರೆ, ಓಪನ್ ಕಲೆಕ್ಟಿವ್‌ನಂಥ ಕಡೆ ಯೋಜನೆಗಳ ಪರವಾಗಿ ಇನ್‌ವಾಯ್ಸ್ ಕೊಡುವ ಸಂಸ್ಥೆಗಳಿವೆ. ಅಲ್ಲಿಂದ ಇನ್‌ವಾಯ್ಸ್ ತರಿಸಿ ಅಕೌಂಟ್ಸ್‌ನವರ ಕೈಗೆ ಕೊಡಿ. ಮಾರ್ಚ್‌ನಲ್ಲಿ ಬಜೆಟ್ ಮುಗಿಯುವ ಮುಂಚೆ ಕೇಳಿ. ಈ ವರ್ಷ ಆಗಲ್ಲ ಅಂದರೆ ಮುಂದಿನ ವರ್ಷಕ್ಕೆ ಒಂದು ಸಾಲು ಬರೆಸಿಡಿ.